ಗೊತ್ತಾಗಿದ್ಯಾ, ಅಂದ್ಕೊಂಡಿದಾರಾ?

ಮಂಗಳವಾರ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದ್ದು ಇಷ್ಟೇ: "ಮಿಸ್, ಆಕಾಶದಿಂದ ಬರೋ ಆ ರೇಡಿಯೋ ಮಿಡಿತ ಯಾವುದರದ್ದು ಅಂತ ಗೊತ್ತಾಗಿದ್ಯಾ, ಇಲ್ಲ ಅಂದ್ಕೊಂಡಿದಾರಾ?" ಬೆಲ್ ಹೊಡೆದಿತ್ತು. "ಗೊತ್ತಾಗಿದೆಯಮ್ಮ, ನ್ಯೂಟ್ರಾನ್ ನಕ್ಷತ್ರದ್ದೇ, ಸತ್ತ ನಕ್ಷತ್ರದ ದಟ್ಟ ತಿರುಳಿನದು" ಅಂದುಬಿಟ್ಟೆ.

ಮಾತು ಶುರುವಾಗಿದ್ದು ನಮ್ಮ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದಿಂದ. ಆ ಸಾಲು ಸಾಲು ಕಂಬ, ತಂತಿ ಏನು ಕೇಳಿಸಿಕೊಳ್ಳುತ್ತವೆ ಅಂತ ಒಬ್ಬ ಕೇಳಿದ. ಹೇಳ್ತಾ ಹೇಳ್ತಾ ಕ್ಷಿಪ್ರ ರೇಡಿಯೋ ಸ್ಫೋಟಗಳಿಗೆ ಬಂದೆ: ಕೆಲವೇ ಮಿಲಿಸೆಕೆಂಡಿನ ಮಿಡಿತ, 2001ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ದಾಖಲಾಗಿ, 2007ರಲ್ಲಿ ಬೆಳಕಿಗೆ ಬಂದದ್ದು. ಅದೇ ಪಾರ್ಕ್ಸ್‌ನಲ್ಲಿ ವರ್ಷಗಟ್ಟಲೆ ಕಾಡಿದ ಇನ್ನೊಂದು ಬಗೆಯ ಸಂಕೇತ ಅಲ್ಲಿನ ಮೈಕ್ರೋವೇವ್ ಓವನ್ನಿನದು ಅಂತ 2015ರಲ್ಲಿ ಪತ್ತೆಯಾಯಿತು. ಓವನ್ ನಿಲ್ಲುವ ಮುಂಚೆಯೇ ಬಾಗಿಲು ತೆಗೆದರೆ ಬರುತ್ತಿತ್ತಂತೆ. ಕ್ಲಾಸೆಲ್ಲ ನಕ್ಕಿತು. ಅವಳು ನಗಲಿಲ್ಲ, ಆ ಪ್ರಶ್ನೆ ಕೇಳಿದಳು.

ಸ್ಟಾಫ್ ರೂಮಿನಲ್ಲಿ ಹೇಳಿದರೆ ಹಿರಿಯರೊಬ್ಬರು, "ಪರೀಕ್ಷೆಗೆ ಬರಲ್ಲ ಬಿಡಿ ಮೇಡಂ" ಅಂದರು. ಒಳ್ಳೆಯವರೇ, ಆದರೆ ಈ ಮಾತಿನಿಂದ ಎಷ್ಟು ಮಕ್ಕಳ ಬಾಯಿ ಮುಚ್ಚಿಸಿದ್ದಾರೋ.

ರಾತ್ರಿ ರಾಗಿ ಹಿಟ್ಟು ಜರಡಿ ಹಿಡೀತಾ ಅದೇ ಮಾತು. ಗೊತ್ತಾಗಿದ್ಯಾ? ಒಂದು ಮಟ್ಟಿಗೆ ಹೌದು. 2020ರ ಏಪ್ರಿಲ್ 28ರಂದು ನಮ್ಮದೇ ಗ್ಯಾಲಕ್ಸಿಯ ಮ್ಯಾಗ್ನೆಟಾರ್ ಒಂದು ಅಂಥದೇ ಮಿಡಿತ ಕಳಿಸಿತು, ಜತೆಗೇ ಎಕ್ಸ್‌ರೇ ಸ್ಫೋಟವೂ ಕಂಡಿತು. ಮ್ಯಾಗ್ನೆಟಾರ್ ಅಂದರೆ ವಿಪರೀತ ಕಾಂತಕ್ಷೇತ್ರದ ನ್ಯೂಟ್ರಾನ್ ನಕ್ಷತ್ರ. ಅಡ್ಡಳತೆ ಇಪ್ಪತ್ತು ಕಿಲೋಮೀಟರ್ ಆಸುಪಾಸು, ತೂಕ ಮಾತ್ರ ಸೂರ್ಯನಿಗಿಂತ ಹೆಚ್ಚು. ಆದರೆ ಎಲ್ಲ ಸ್ಫೋಟವೂ ಅಂಥದ್ದರಿಂದಲೇನಾ? ಕೆಲವು ಮತ್ತೆ ಮತ್ತೆ ಬರುತ್ತವೆ, ಹೆಚ್ಚಿನವು ಒಂದೇ ಸಲ ಕಂಡಿವೆ. ಎಂ81 ಗ್ಯಾಲಕ್ಸಿಯ ಒಂದು ಸ್ಫೋಟ ಬರೀ ಮುದಿ ನಕ್ಷತ್ರಗಳ ಗುಚ್ಛದಿಂದ ಬಂದಿದೆ. ಮ್ಯಾಗ್ನೆಟಾರ್ ಹುಟ್ಟೋದು ಸಾಮಾನ್ಯವಾಗಿ ಅಲ್ಪಾಯುಷಿ ದೈತ್ಯ ನಕ್ಷತ್ರ ಸತ್ತಾಗ. ಅಂಥವು ಅಲ್ಲಿ ಎಂದೋ ಮುಗಿದುಹೋಗಿವೆ. ಎರಡು ಶ್ವೇತಕುಬ್ಜಗಳು, ಅಂದರೆ ಸೂರ್ಯನಂಥ ನಕ್ಷತ್ರ ಸತ್ತ ಮೇಲೆ ಉಳಿಯುವ ತಿರುಳುಗಳು, ಕೂಡಿ ಅಲ್ಲಿಯ ಮ್ಯಾಗ್ನೆಟಾರ್ ಹುಟ್ಟಿರಬಹುದು ಅಂತಾರೆ. ಅಂತಾರೆ, ಅಷ್ಟೇ.

ಬುಧವಾರ ಮೊದಲ ಪೀರಿಯಡ್‌ನಲ್ಲೇ, "ನಿನ್ನೆ ನಾನು ಹೇಳಿದ್ದು ಪೂರ್ತಿ ಸರಿಯಲ್ಲ" ಅಂದೆ. ಬೋರ್ಡಿನ ನಡುವೆ ಗೆರೆ ಎಳೆದು ಒಂದು ಕಡೆ 'ಗೊತ್ತಾಗಿದ್ದು', ಇನ್ನೊಂದು ಕಡೆ 'ಅಂದ್ಕೊಂಡಿದ್ದು' ಬರೆದೆ. ಅವಳು ನೋಟ್ಸಿನ ಕೊನೇ ಪುಟದಲ್ಲಿ ಸ್ಕೇಲ್ ಇಟ್ಟು ಅದೇ ಗೆರೆ ಹಾಕಿಕೊಂಡಳು. ಎರಡನೇ ಕಡೆಗೆ ಜಾಗ ಸಾಲದೆ ಅಂಚಿನಲ್ಲೂ ಬರೆದಳು.