ಹಳೆಯ ದಿಗ್ಗಜರು ಈಗ ಆಡಿದ್ದರೆ? ಒಂದು ಬೇಸಿಗೆಯ ಷರತ್ತಿನ ಮೇಲೆ ನನ್ನ ಉತ್ತರ

ಅಮೆರಿಕದ ರಾತ್ರಿ ನಮ್ಮ ಕಾಫಿಯ ಹೊತ್ತು. ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪಂದ್ಯಗಳು ನಮ್ಮ ಮನೆಗೆ ಬರುವುದು ಬೆಳಗ್ಗೆ. ವರ್ಷಗಳಿಂದ ಹಾಗೆ ನೋಡುತ್ತ ಕೂತವನು ಎಂಬ ಕಾರಣಕ್ಕೆ ಗೆಳೆಯರೂ ಗೆಳೆಯರ ಮಕ್ಕಳೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ವಿಲ್ಟ್ ಚೇಂಬರ್ಲೇನ್, ಬಿಲ್ ರಸೆಲ್, ಲ್ಯಾರಿ ಬರ್ಡ್, ಮೈಕಲ್ ಜೋರ್ಡನ್ ಇವರೆಲ್ಲ ಇವತ್ತಿನ ಬ್ಯಾಸ್ಕೆಟ್‌ಬಾಲ್‌ನಲ್ಲಿ ನಿಲ್ಲುತ್ತಿದ್ದರೇ? ಕೇಳುವವರು ಸಾಮಾನ್ಯವಾಗಿ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ. ಹಿರಿಯರಿಗೆ ಈಗಿನವರೆಲ್ಲ ಮೈ ತಾಗಿದರೆ ಬೀಳುವ ಮೆದು ಹುಡುಗರು; ಕಿರಿಯರಿಗೆ ಆಗಿನವರೆಲ್ಲ ಕಪ್ಪು-ಬಿಳುಪು ಚಿತ್ರದಲ್ಲಿ ನಿಧಾನವಾಗಿ ಓಡುವವರು.

ನಾನು ಉತ್ತರಿಸುವ ಮೊದಲು ಒಂದು ಷರತ್ತು ಹಾಕುತ್ತೇನೆ. ಅವರನ್ನು ಇದ್ದಕ್ಕಿದ್ದಂತೆ ಇವತ್ತಿನ ಕೋರ್ಟಿಗೆ ದೂಡುವುದು ಅನ್ಯಾಯ. ಈಗ ಹುಟ್ಟಿದ್ದರೆ ಎಂದು ಊಹಿಸಿದರೆ ಅವರು ಅವರಾಗಿಯೇ ಉಳಿಯುವುದಿಲ್ಲ. ಆದ್ದರಿಂದ ಆಟಗಾರನನ್ನು ಅವನ ಇಪ್ಪತ್ತೈದನೆಯ ವಯಸ್ಸಿನಲ್ಲಿ ಕರೆತಂದು, ಇವತ್ತಿನ ತರಬೇತುದಾರರ ಕೈಗೆ ಒಂದೇ ಒಂದು ಬೇಸಿಗೆ, ಅಂದರೆ ಪಂದ್ಯಗಳಿಲ್ಲದ ಬಿಡುವಿನ ಕಾಲ, ಒಪ್ಪಿಸುತ್ತೇನೆ. ಕೌಶಲ, ಸ್ವಭಾವ, ಚಟ ಎಲ್ಲವೂ ಅವನದೇ. ಹೊಸದಾಗಿ ಸಿಗುವುದು ನಾಲ್ಕು ತಿಂಗಳು ಮಾತ್ರ. ಹೀಗೆ ನೋಡಿದಾಗ, ಯಾರ ಆಟ ಆ ಕಾಲದ ನಿಯಮಗಳಿಗೆ ಅಂಟಿಕೊಂಡಿತ್ತು, ಯಾರದು ಅವುಗಳಿಂದ ಬಿಡಿಸಿಕೊಂಡು ಬರಬಲ್ಲದು ಎಂಬುದು ತಾನಾಗಿ ಕಾಣುತ್ತದೆ.

ಬದಲಾದದ್ದು ಮುಖ್ಯವಾಗಿ ಎರಡು. ಮೊದಲನೆಯದು, 1979ರಲ್ಲಿ ಎನ್‌ಬಿಎ ನೆಲದ ಮೇಲೆ ಬಳಿದ ತ್ರೀ-ಪಾಯಿಂಟ್ ಗೆರೆ; ಅದರಾಚೆಯಿಂದ ಬುಟ್ಟಿಗೆ ಹಾಕಿದರೆ ಎರಡರ ಬದಲು ಮೂರು ಅಂಕ. ಆ ಮೊದಲ ಋತುವಿನಲ್ಲಿ ಒಂದು ತಂಡ ಒಂದು ಪಂದ್ಯದಲ್ಲಿ ಆ ಗೆರೆಯಾಚೆಯಿಂದ ಸರಾಸರಿ ಮೂರು ಸಲವೂ ಎಸೆಯುತ್ತಿರಲಿಲ್ಲ. ಈಗ ಮೂವತ್ತೈದು ಸಲ ಎಸೆದರೂ ಯಾರೂ ಹುಬ್ಬೇರಿಸುವುದಿಲ್ಲ. ಎರಡನೆಯದು, 2001ರಲ್ಲಿ ವಲಯ ರಕ್ಷಣೆಯ (ಒಬ್ಬ ಆಟಗಾರನನ್ನಲ್ಲ, ಅಂಗಳದ ಒಂದು ಭಾಗವನ್ನು ಕಾಯುವುದು) ಮೇಲಿನ ನಿಷೇಧವನ್ನು ತೆಗೆದದ್ದು ಮತ್ತು 2004ರಿಂದ ಬುಟ್ಟಿಯಿಂದ ದೂರದಲ್ಲಿ ಎದುರಾಳಿಯ ಮೈಮೇಲೆ ಕೈಯಿಟ್ಟು ತಡೆಯುವುದನ್ನು ಬಿಗಿಯಾಗಿ ಫೌಲ್ ಎಂದು ಕರೆಯತೊಡಗಿದ್ದು. ಅಂಗಳ ಹಿಗ್ಗಿತು, ಚೆಂಡು ಹಿಡಿದು ನುಗ್ಗುವವನಿಗೆ ದಾರಿ ತೆರೆಯಿತು, ಬುಟ್ಟಿಯ ಬುಡದಲ್ಲಿ ನಿಂತು ಕಾಯುವ ದೈತ್ಯನಿಗೆ ಕಷ್ಟ ಶುರುವಾಯಿತು.

ಈ ಬದಲಾವಣೆಯಿಂದ ಎಲ್ಲರಿಗಿಂತ ಹೆಚ್ಚು ಲಾಭ ಆಗುತ್ತಿದ್ದದ್ದು ಲ್ಯಾರಿ ಬರ್ಡ್ ಅವರಿಗೆ. 1979ರ ಅಕ್ಟೋಬರ್ 12ರಂದು ಬಾಸ್ಟನ್‌ನಲ್ಲಿ ಕ್ರಿಸ್ ಫೋರ್ಡ್ ಎನ್‌ಬಿಎಯ ಮೊದಲ ತ್ರೀ-ಪಾಯಿಂಟರ್ ಹಾಕಿದ ಪಂದ್ಯವೇ ಬರ್ಡ್ ಅವರ ಚೊಚ್ಚಲ ಪಂದ್ಯ. ಗೆರೆಯ ಜೊತೆಗೇ ಹುಟ್ಟಿದವರು ಎನ್ನಬೇಕು. ಆದರೂ ಹದಿಮೂರು ಋತುಗಳಲ್ಲಿ ಅವರು ಹಾಕಿದ್ದು 649 ತ್ರೀ-ಪಾಯಿಂಟರ್. ಈ ಕಾಲದ ಎಸೆತಗಾರ ಸ್ಟೀಫನ್ ಕರಿ 2015–16ರ ಒಂದೇ ಋತುವಿನಲ್ಲಿ 402 ಹಾಕಿದರು. ಬರ್ಡ್‌ಗೆ ಗುರಿ ಇರಲಿಲ್ಲವೆಂದಲ್ಲ, ಶ್ರೇಷ್ಠ ಆಟಗಾರರು ಸೇರುವ ಆಲ್-ಸ್ಟಾರ್ ವಾರಾಂತ್ಯದ ಮೊದಲ ಮೂರು ತ್ರೀ-ಪಾಯಿಂಟ್ ಸ್ಪರ್ಧೆಗಳನ್ನೂ ಗೆದ್ದವರು ಅವರೇ. ಆದರೆ ಅಂದಿನ ತರಬೇತುದಾರರ ಕಣ್ಣಿಗೆ ಆ ಎಸೆತ ಊಟದ ಕೊನೆಯ ಉಪ್ಪಿನಕಾಯಿ. ಬರ್ಡ್ ನೆಲದಿಂದ ಹೆಚ್ಚು ಜಿಗಿಯದೆ, ಚೆಂಡನ್ನು ಬಲಗಿವಿಯ ಹಿಂದಕ್ಕೆ ಎತ್ತಿಕೊಂಡು ಬಿಡುತ್ತಿದ್ದರು. ಆರಡಿ ಒಂಬತ್ತು ಇಂಚಿನ ಮನುಷ್ಯ ಅಷ್ಟು ಎತ್ತರದಿಂದ ಬಿಟ್ಟ ಚೆಂಡನ್ನು ಮುಟ್ಟುವವರು ಇಂದಿಗೂ ವಿರಳ. ಒಂದು ಬೇಸಿಗೆಯಲ್ಲಿ ಅವರಿಗೆ ಕಲಿಸಬೇಕಾದದ್ದು ಒಂದೇ: ಪಂದ್ಯಕ್ಕೆ ಎರಡಲ್ಲ, ಎಂಟು ಸಲ ಎಸೆ. ಅವರ ಕಾಲುಗಳು ಚುರುಕಲ್ಲ ಎಂಬುದು ನಿಜ. ಇವತ್ತಿನ ತಂಡಗಳು ಸ್ಕ್ರೀನ್ ಮೇಲೆ ಸ್ಕ್ರೀನ್ ಹಾಕಿ (ರಕ್ಷಕನ ದಾರಿಗೆ ಅಡ್ಡ ನಿಂತು) ಅವರನ್ನೇ ಸ್ಟೀಫನ್ ಕರಿ ಅವರಂಥವರ ಎದುರು ಒಂಟಿಯಾಗಿ ನಿಲ್ಲಿಸುತ್ತವೆ, ಮರ್ಯಾದೆ ತೆಗೆಯುತ್ತವೆ. ಆ ನಷ್ಟವನ್ನು ಕಳೆದರೂ ಲೆಕ್ಕ ಅವರ ಪರವಾಗಿಯೇ ಉಳಿಯುತ್ತದೆಂದು ನನ್ನ ನಂಬಿಕೆ.

ಹಕೀಮ್ ಒಲಾಜುವಾನ್ ಅವರಿಗೆ ಬೇಸಿಗೆಯೂ ಬೇಡ. ನೈಜೀರಿಯಾದ ಲಾಗೋಸ್‌ನಲ್ಲಿ ಫುಟ್‌ಬಾಲ್, ಹ್ಯಾಂಡ್‌ಬಾಲ್ ಆಡಿ ಬೆಳೆದು, ಹದಿಹರೆಯದ ನಡುವೆ ಬ್ಯಾಸ್ಕೆಟ್‌ಬಾಲ್ ಹಿಡಿದ ಅವರ ಕಾಲುಗಳಲ್ಲಿ ಆ ಹಳೆಯ ಆಟಗಳು ಉಳಿದುಕೊಂಡಿದ್ದವು. ಬುಟ್ಟಿಗೆ ಬೆನ್ನು ಮಾಡಿ ಚೆಂಡು ಹಿಡಿಯುತ್ತಾರೆ. ಭುಜವನ್ನು ಒಂದು ಕಡೆಗೆ ವಾಲಿಸುತ್ತಾರೆ. ಹಿಂದಿನವನು ಆ ಕಡೆಗೆ ತೂಕ ಹಾಕಿದ ಕ್ಷಣ ಇನ್ನೊಂದು ಕಡೆಗೆ ತಿರುಗುತ್ತಾರೆ. ಅವನು ಹೇಗೋ ಸಾವರಿಸಿಕೊಂಡು ಎದುರು ಬಂದರೆ ಎಸೆಯುವಂತೆ ಚೆಂಡೆತ್ತಿ ಅವನನ್ನು ಗಾಳಿಗೆ ಹಾರಿಸಿ, ಅವನ ತೋಳಿನಡಿಯಿಂದ ನುಸುಳಿ ಚೆಂಡನ್ನು ಬುಟ್ಟಿಗೆ ಸೇರಿಸುತ್ತಾರೆ. 1995ರ ಪ್ಲೇಆಫ್‌ನಲ್ಲಿ, ಆ ಋತುವಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಪಡೆದಿದ್ದ ಡೇವಿಡ್ ರಾಬಿನ್ಸನ್ ಅವರಿಗೇ ಹೀಗೆ ಮಾಡಿದರು. ಇಂದಿನ ಸೆಂಟರ್‌ಗೆ, ಅಂದರೆ ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರನಿಗೆ, ಇರುವ ದೊಡ್ಡ ಪರೀಕ್ಷೆ ಬುಟ್ಟಿಯಿಂದ ದೂರ ಬಂದು ಸಣ್ಣ ಆಟಗಾರನನ್ನು ತಡೆಯುವುದು. ಅದನ್ನು ಒಲಾಜುವಾನ್ 1994ರಲ್ಲೇ ಬರೆದು ಪಾಸಾದರು. ಫೈನಲ್‌ನ ಆರನೇ ಪಂದ್ಯದ ಕೊನೆಯ ಗಳಿಗೆ, ಅವರ ತಂಡ ಹ್ಯೂಸ್ಟನ್ 86, ನ್ಯೂಯಾರ್ಕ್ 84. ನ್ಯೂಯಾರ್ಕ್‌ನ ಜಾನ್ ಸ್ಟಾರ್ಕ್ಸ್ ತ್ರೀ-ಪಾಯಿಂಟ್ ಗೆರೆಯಿಂದ ಎಸೆದ ಚೆಂಡಿಗೆ ಓಡಿಬಂದ ಈ ಸೆಂಟರ್‌ನ ಬೆರಳು ತಾಗಿತು. ಏಳನೇ ಪಂದ್ಯವನ್ನೂ ಹ್ಯೂಸ್ಟನ್ ಗೆದ್ದಿತು.

ಜೋರ್ಡನ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಈಗಾದರೆ ಐವತ್ತರ ಸರಾಸರಿ ಹೊಡೆಯುತ್ತಿದ್ದರು ಎಂಬ ಅಭಿಮಾನಿಗಳ ಮಾತನ್ನು ಮಾತ್ರ ನಾನು ಒಪ್ಪಲಾರೆ. ಅವರ ಕಾಲದ ನಿಯಮ ಎದುರಾಳಿ ತಂಡವು ಚೆಂಡಿಲ್ಲದ ಕಡೆ ಸುಮ್ಮನೆ ಹೊಂಚುಹಾಕಿ ನಿಲ್ಲದಂತೆ ತಡೆದಿತ್ತು, ಹಾಗಾಗಿ ಅವರಿಗೆ ಒಬ್ಬಂಟಿ ಕಾಳಗ ಸಿಗುತ್ತಿತ್ತು. ಈಗ ದಾರಿ ಅಗಲ, ಆದರೆ ದಾರಿಯ ಕೊನೆಯಲ್ಲಿ ಯಾರೋ ಕಾದಿರುತ್ತಾರೆ.

ನಿಜವಾಗಿ ಸೋಲುವವರೂ ಇದ್ದಾರೆ. ಕಾರು ರಿಪೇರಿ ಮಾಡುತ್ತಿದ್ದಲ್ಲಿಂದ ಆಟಕ್ಕೆ ಬಂದ, ಏಳಡಿ ನಾಲ್ಕು ಇಂಚಿನ ಮಾರ್ಕ್ ಈಟನ್ 1984–85ರಲ್ಲಿ 456 ಬ್ಲಾಕ್ ಮಾಡಿದರು, ಅಂದರೆ ಅಷ್ಟು ಎಸೆತಗಳನ್ನು ಗಾಳಿಯಲ್ಲೇ ತಡೆದರು. ಆ ದಾಖಲೆ ಇನ್ನೂ ಅಲುಗಿಲ್ಲ. ಇವತ್ತು ಅವರ ಎದುರಾಳಿ ಸೆಂಟರ್ ಮೂಲೆಗೆ ಹೋಗಿ ತ್ರೀ-ಪಾಯಿಂಟರ್‌ಗೆ ನಿಂತುಬಿಟ್ಟರೆ, ಈಟನ್ ಅಲ್ಲಿಗೆ ತಲುಪುವಷ್ಟರಲ್ಲಿ ಚೆಂಡು ಬುಟ್ಟಿಯೊಳಗಿರುತ್ತದೆ. ರಸೆಲ್ ಕಥೆ ಬೇರೆ. ಹದಿಮೂರು ಋತುಗಳಲ್ಲಿ ಹನ್ನೊಂದು ಪ್ರಶಸ್ತಿ ಗೆದ್ದ ಅವರು ಎತ್ತರ ಜಿಗಿತದ ಪಟುವೂ ಆಗಿದ್ದರು, ಎದುರಾಳಿಯ ಎಸೆತವನ್ನು ಪ್ರೇಕ್ಷಕರತ್ತ ಬಡಿಯದೆ ತಮ್ಮವರ ಕೈಗೆ ತಟ್ಟುತ್ತಿದ್ದರು. ಬ್ಲಾಕ್‌ಗಳನ್ನು ಎಣಿಸತೊಡಗಿದ್ದೇ ಅವರು ನಿವೃತ್ತರಾದ ಮೇಲೆ, 1973ರಲ್ಲಿ. ಅಂಕ ಹಾಕದಿದ್ದರೂ ಇಡೀ ರಕ್ಷಣೆಯನ್ನು ನಡೆಸುವ ಇಂಥ ಆಟಗಾರನಿಗಾಗಿ ಈಗಿನ ತಂಡಗಳು ಹಣದ ಚೀಲ ಬಿಚ್ಚುತ್ತವೆ.

ಇನ್ನು ಚೇಂಬರ್ಲೇನ್. 1961–62ರಲ್ಲಿ ಪಂದ್ಯಕ್ಕೆ 50.4 ಅಂಕಗಳ ಸರಾಸರಿ. ಅದೇ ಋತುವಿನಲ್ಲಿ, 1962ರ ಮಾರ್ಚ್ 2ರಂದು, ಪೆನ್ಸಿಲ್ವೇನಿಯಾದ ಹರ್ಶಿ ಪಟ್ಟಣದಲ್ಲಿ ನಾಲ್ಕು ಸಾವಿರ ಚಿಲ್ಲರೆ ಪ್ರೇಕ್ಷಕರ ಎದುರು ಒಬ್ಬರೇ 100 ಅಂಕ. ಆಗ ತಂಡವೊಂದು ಪಂದ್ಯಕ್ಕೆ ನೂರಕ್ಕೂ ಹೆಚ್ಚು ಸಲ ಬುಟ್ಟಿಗೆ ಎಸೆಯುತ್ತಿತ್ತು, ಅದರಲ್ಲಿ ಸುಮಾರು ನಲವತ್ತು ಅವರೊಬ್ಬರವೇ. ಈಗ ಯಾವ ತಂಡವೂ ಒಬ್ಬನಿಗೆ ಅಷ್ಟು ಕೊಡುವುದಿಲ್ಲ. ಹಾಗಾಗಿ ಆ ಐವತ್ತನ್ನು ಮರೆತುಬಿಡಿ. ನಾನು ಕರೆತರುವ ನಿಯಮದಲ್ಲಿ ಇಲ್ಲಿ ಸ್ವಲ್ಪ ಮೋಸ ಮಾಡಿ, ಮೂವತ್ತರ ಚೇಂಬರ್ಲೇನ್‌ರನ್ನು ಕರೆಯುತ್ತೇನೆ. 1966–67ರಲ್ಲಿ ತರಬೇತುದಾರ ಅಲೆಕ್ಸ್ ಹ್ಯಾನಮ್ ಮಾತು ಕೇಳಿ ಅವರು ಎಸೆತ ಕಡಿಮೆ ಮಾಡಿ ಪಾಸ್ ಹೆಚ್ಚಿಸಿದರು, ರಸೆಲ್ ಅವರ ಬಾಸ್ಟನ್ ಅನ್ನು ಮಣಿಸಿ ಪ್ರಶಸ್ತಿ ಗೆದ್ದರು. ಮುಂದಿನ ಋತುವಿನಲ್ಲಿ ಇಡೀ ಲೀಗ್‌ನಲ್ಲೇ ಅತಿ ಹೆಚ್ಚು, 702 ಅಸಿಸ್ಟ್ (ಅಂಕವಾಗಿ ಬೀಳುವ ಎಸೆತಕ್ಕೆ ಕೊಟ್ಟ ಪಾಸ್) ಕೊಟ್ಟರು. ಪಾಸ್‌ಗೆ ಹೆಸರಾದ ಸೆಂಟರ್ ನಿಕೊಲಾ ಯೋಕಿಚ್ ಇಂದು ಆಡುತ್ತಿರುವ ಆಟದ ಬೀಜ ಅಲ್ಲಿದೆ, ಜೊತೆಗೆ ಯೋಕಿಚ್‌ಗೆ ಇಲ್ಲದ ಜಿಗಿತ.

ತೊಡಕು ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಎಸೆತ. ನೂರರ ರಾತ್ರಿ 32ರಲ್ಲಿ 28 ಒಳಗೆ ಬಿದ್ದವು, ಏಕೆಂದರೆ ಆಗ ಅವರು ಎರಡೂ ಕೈಗಳಲ್ಲಿ ಚೆಂಡು ಹಿಡಿದು ಮೊಣಕಾಲುಗಳ ನಡುವಿನಿಂದ ಮೇಲಕ್ಕೆ ತೂರುತ್ತಿದ್ದರು. ಆ ಋತುವಿನಲ್ಲಿ ನೂರಕ್ಕೆ ಅರವತ್ತೊಂದು ಬಿದ್ದವು, ಅವರ ಮಟ್ಟಿಗೆ ಅದೇ ಶಿಖರ. ಒಟ್ಟು ವೃತ್ತಿಜೀವನದಲ್ಲಿ ಐವತ್ತೊಂದು. ಆದರೂ ಆ ಭಂಗಿಯಲ್ಲಿ ತಾನು ಹೆಣ್ಣಿಗನಂತೆ ಕಾಣುತ್ತೇನೆಂದು ನಾಚಿ ಬಿಟ್ಟರು, ಅದು ತಪ್ಪೆಂದು ಮುಂದೆ ತಾವೇ ಒಪ್ಪಿಕೊಂಡರು. ಈಗಿನ ತಂಡಗಳು ಫ್ರೀ ಥ್ರೋ ಬಾರದವನನ್ನು ಬೇಕೆಂದೇ ಫೌಲ್ ಮಾಡಿ ಗೆರೆಗೆ ಕಳಿಸುತ್ತವೆ. 2016ರ ನಿಯಮ ಪ್ರತಿ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷ ಮಾತ್ರ ಅವನನ್ನು ಕಾಪಾಡುತ್ತದೆ. ಆದ್ದರಿಂದ ಬೇಸಿಗೆಯ ಮೊದಲ ದಿನವೇ ತರಬೇತುದಾರರು ಅವರಿಗೆ ಆ ಹಳೆಯ ಎಸೆತವನ್ನು ಮತ್ತೆ ಹಿಡಿಸಬೇಕು. ಅಭ್ಯಾಸದ ಖಾಲಿ ಕೋರ್ಟಿನಲ್ಲಿ ಅವರು ಒಪ್ಪಿಯಾರು. ಅಕ್ಟೋಬರ್ ಬಂದು ಇಪ್ಪತ್ತು ಸಾವಿರ ಜನ ನೋಡುತ್ತಿರುವಾಗ ಮೊಣಕಾಲು ಬಗ್ಗಿಸಿ ಹಾಗೆ ತೂರುತ್ತಾರೆಯೇ ಎಂದರೆ, ನಾನು ಪಣ ಕಟ್ಟಲಾರೆ.