ಫಾಲೋವರ್ಸ್ ಇದ್ದಾರೆ, ಬುಕಿಂಗ್ ಯಾಕಿಲ್ಲ?

ಮದುವೆ ಫೋಟೋಗ್ರಫಿ, ಡೆಕೊರೇಶನ್, ಮೇಕಪ್, ಅಡುಗೆ ಕಾಂಟ್ರಾಕ್ಟ್ ಮಾಡುವವರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಇನ್‌ಸ್ಟಾಗ್ರಾಮ್‌ನಲ್ಲಿ ಸಾವಿರಾರು ಫಾಲೋವರ್ಸ್ ಇದ್ದಾರೆ, ರೀಲ್ಸ್ ಓಡುತ್ತವೆ, ಲೈಕ್ಸ್ ಬರುತ್ತವೆ. ಬುಕಿಂಗ್ ಮಾತ್ರ ಬರ್ತಿಲ್ಲ. ಯಾಕೆ?"

ರೀಲ್ ಮೆಚ್ಚುವವರು ಒಬ್ಬರು, ಅಡ್ವಾನ್ಸ್ ಕೊಡುವವರು ಇನ್ನೊಬ್ಬರು. ಅದಕ್ಕೇ. ಮದುಮಗಳೋ ಅವಳ ತಂಗಿಯೋ ನಿಮ್ಮ ರೀಲನ್ನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಅಲ್ಲಿಂದಾಚೆ ಮಾತು ಅಪ್ಪನದು, ಸೋದರಮಾವನದು. ಅವರು ಕೇಳುವುದು ನಾಲ್ಕೇ ಸಂಗತಿ: ಎಲ್ಲಿಯವರು, ನಮ್ಮ ತಾರೀಖಿಗೆ ಸಿಗುತ್ತಾರಾ, ಎಷ್ಟಾಗುತ್ತೆ, ನಮ್ಮ ಕಡೆಯ ಮದುವೆ ಮಾಡಿ ಗೊತ್ತಿದೆಯಾ. ಈ ನಾಲ್ಕಕ್ಕೆ ನಿಮ್ಮ ಪೇಜಿನಲ್ಲಿ ಉತ್ತರ ಸಿಗದಿದ್ದರೆ, ಪಕ್ಕದ ಬೀದಿಯ ಸ್ಟುಡಿಯೋಗೆ ಫೋನ್ ಹೋಗುತ್ತದೆ.

ಮೊದಲು ನಿಮ್ಮ ಇನ್‌ಸ್ಟಾಗ್ರಾಮ್ ಪ್ರೊಫೈಲನ್ನೇ ಅಪ್ಪನ ಕಣ್ಣಿಂದ ಒಮ್ಮೆ ನೋಡಿ. ಬಯೋಗೆ ಸಿಗುವುದು 150 ಅಕ್ಷರ. ಅದರಲ್ಲಿ "ಭಾವನೆಗಳನ್ನು ಸೆರೆಹಿಡಿಯುತ್ತೇವೆ, ದರಕ್ಕೆ ಡಿಎಂ ಮಾಡಿ" ಅಂತ ಬರೆದರೆ ಮೇಲಿನ ನಾಲ್ಕರಲ್ಲಿ ಒಂದಕ್ಕೂ ಉತ್ತರ ಕೊಟ್ಟಂತಾಗಲಿಲ್ಲ. "ಹಾಸನ, ಚಿಕ್ಕಮಗಳೂರು, ಮಡಿಕೇರಿ. ಮದುವೆ ಫೋಟೋ, ವಿಡಿಯೋ. ಎರಡು ದಿನಕ್ಕೆ 60,000ದಿಂದ. ವಾಟ್ಸಾಪ್ ಕೆಳಗಿದೆ" ಅಂದರೆ ಊರು, ದರ ಎರಡಕ್ಕೆ ಅಲ್ಲೇ ಉತ್ತರ ಸಿಕ್ಕಿತು, ತಾರೀಖು ಕೇಳಲು ದಾರಿಯೂ ಸಿಕ್ಕಿತು. ಬಯೋದ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವ ಹೆಸರಿನ ಜಾಗವೂ ಹುಡುಕಾಟದಲ್ಲಿ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಸ್ಟುಡಿಯೋ ಹೆಸರಿನ ಜೊತೆ ಊರು ಮತ್ತು ಕೆಲಸ ಇರಲಿ.

ದರ ಹಾಕಿದರೆ ಗಿರಾಕಿ ಓಡಿಹೋಗುತ್ತಾರೆ ಎಂಬ ಭಯ ತುಂಬ ಜನಕ್ಕಿದೆ. ಹೋಗುವವರು ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದ ಮೇಲೂ ಹೋಗುವವರೇ. ಆರಂಭಿಕ ದರ ಮತ್ತು ಅದರಲ್ಲಿ ಏನೇನು ಸೇರಿದೆ ಎಂದು ಬರೆದಿಟ್ಟರೆ ಆಮೇಲೆ ಬರುವ ಫೋನುಗಳು ಕಡಿಮೆಯಾಗಬಹುದು, ಆದರೆ ಬಂದವರು ನಿಜವಾಗಿ ಬುಕ್ ಮಾಡುವ ಮನಸ್ಸಿನವರು.

ಇನ್ನು ಗೂಗಲ್. ಊರ ಹೆಸರು ಹಾಕಿ ಹುಡುಕುವವರು ಬಹುತೇಕ ದುಡ್ಡು ಕೈಯಲ್ಲಿ ಇಟ್ಟುಕೊಂಡೇ ಹುಡುಕುತ್ತಾರೆ. ಹೀಗಾಗಿ ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ, ಅಂದರೆ ಗೂಗಲ್ ಹುಡುಕಾಟದಲ್ಲೂ ಮ್ಯಾಪ್ಸ್‌ನಲ್ಲೂ ಕಾಣುವ ನಿಮ್ಮ ವ್ಯಾಪಾರದ ಪುಟಕ್ಕೆ, ರೀಲ್ಸ್‌ಗಿಂತ ಮೊದಲು ಸಮಯ ಕೊಡಿ. ಅದು ಉಚಿತ. ಪ್ರಧಾನ ಕೆಟಗರಿ ಸರಿಯಾಗಿರಬೇಕು: ಬರೀ "ಫೋಟೋ ಶಾಪ್" ಅಂತ ಇಟ್ಟರೆ ಪಾಸ್‌ಪೋರ್ಟ್ ಫೋಟೋದವರು ಬರುತ್ತಾರೆ, "ವೆಡ್ಡಿಂಗ್ ಫೋಟೋಗ್ರಾಫರ್" ಎಂಬುದು ಬೇರೆಯೇ ಇದೆ. ಛತ್ರದವರಾದರೆ "ವೆಡ್ಡಿಂಗ್ ವೆನ್ಯೂ". ಅಂಗಡಿ ಇಲ್ಲದೆ ಮನೆಯಿಂದಲೇ ಕೆಲಸ ಮಾಡುವ ಮೇಕಪ್‌ನವರು ವಿಳಾಸ ಮುಚ್ಚಿಟ್ಟು, ಸೇವೆ ಕೊಡುವ ಊರುಗಳನ್ನು 20ರವರೆಗೆ ಸೇರಿಸಬಹುದು.

ಇಲ್ಲಿ ಎಡವುವುದು ಹೆಸರಿನಲ್ಲಿ. ಬೋರ್ಡಿನ ಮೇಲೆ ಇಲ್ಲದ "ಬೆಸ್ಟ್ ವೆಡ್ಡಿಂಗ್ ಡೆಕೊರೇಟರ್ಸ್ ಇನ್ ದಾವಣಗೆರೆ" ಎಂಬ ಬಾಲವನ್ನು ಹೆಸರಿಗೆ ಅಂಟಿಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಯಾರಾದರೂ ದೂರು ಕೊಟ್ಟರೆ ಪ್ರೊಫೈಲ್ ಅಮಾನತಾಗಬಹುದು. ಅದೂ ಸೀಸನ್ ನಡುವೆ ಆದರೆ ಗತಿ ಏನು? ರಿಯಾಯಿತಿ ಕೊಟ್ಟು ರಿವ್ಯೂ ಬರೆಸುವುದಕ್ಕೂ ಅವಕಾಶವಿಲ್ಲ. ಸರಿಯಾದ ಹೊತ್ತಿನಲ್ಲಿ ಕೇಳಿದರೆ ಸಾಕು. ಡೆಕೊರೇಶನ್, ಅಡುಗೆಯವರು ಮದುವೆಯಾಗಿ ಎರಡು ಮೂರು ದಿನದಲ್ಲಿ ಕೇಳಬೇಕು, ಬೀಗರ ಊಟ ಮುಗಿದು ಮನೆಯವರು ಉಸಿರು ಬಿಡುವ ಹೊತ್ತು ಅದು. ಫೋಟೋಗ್ರಾಫರ್ ಆಲ್ಬಂ ಕೈಗೆ ಕೊಟ್ಟ ದಿನ ಕೇಳಬೇಕು. ಬಂದ ರಿವ್ಯೂಗೆ ಉತ್ತರಿಸುವಾಗ "ಧನ್ಯವಾದಗಳು" ಎಂದಷ್ಟೇ ಬಿಡದೆ ಯಾವ ಛತ್ರ, ಯಾವ ಊರು, ಯಾವ ಕೆಲಸ ಎಂದು ಒಂದು ಸಾಲು ಬರೆಯಿರಿ. ಮುಂದಿನ ಅಪ್ಪ ಓದುವುದು ಅದನ್ನೇ.

ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ತಾನಾಗಿಯೇ ಹೋಗುವ ಸ್ವಾಗತ ಸಂದೇಶದ ಸೌಲಭ್ಯವಿದೆ. "ಶೀಘ್ರದಲ್ಲೇ ಸಂಪರ್ಕಿಸುತ್ತೇವೆ" ಅಂತ ಹಾಕಿ ಅದನ್ನು ವ್ಯರ್ಥ ಮಾಡಬೇಡಿ. ಮೂರು ವಿಷಯ ಕೇಳಿ: ತಾರೀಖು, ಛತ್ರ ಅಥವಾ ಊರು, ಯಾವ ಯಾವ ಕಾರ್ಯಕ್ರಮ. ಅವರು ಉತ್ತರಿಸಿದ ಮೇಲೆ ನೀವು ಕಳಿಸುವುದು ಸುಮಾರಾಗಿ ಹೀಗಿರಲಿ:

"ನಮಸ್ಕಾರ. 21ರ ಸಂಜೆ, 22ರ ಬೆಳಿಗ್ಗೆ ಎರಡೂ ಹೊತ್ತು ನಾವು ಬಿಡುವಾಗಿದ್ದೇವೆ. ವರಪೂಜೆ, ಆರತಕ್ಷತೆ, ಮುಹೂರ್ತ ಮೂರಕ್ಕೂ ಸೇರಿ ಇಬ್ಬರು ಫೋಟೋಗ್ರಾಫರ್, ಒಬ್ಬರು ವಿಡಿಯೋಗ್ರಾಫರ್, 40 ಹಾಳೆಯ ಒಂದು ಆಲ್ಬಂ: 85,000 ರೂಪಾಯಿ. ಹಾಸನದಿಂದ 50 ಕಿಲೋಮೀಟರ್ ಒಳಗೆ ಪ್ರಯಾಣದ ಖರ್ಚು ಬೇರೆ ಇಲ್ಲ. ಡ್ರೋನ್ ಇದರಲ್ಲಿ ಸೇರಿಲ್ಲ. ಒಂದು ಪೂರ್ತಿ ಮದುವೆಯ ಫೋಟೋಗಳ ಲಿಂಕ್ ಕೆಳಗಿದೆ. ಮನೆಯಲ್ಲಿ ಮಾತಾಡಿ ಹೇಳಿ, ಮೂರು ದಿನ ಈ ತಾರೀಖು ನಿಮಗಾಗಿ ಇಟ್ಟಿರುತ್ತೇವೆ."

ಇದನ್ನು ಪಿಡಿಎಫ್ ಮಾಡದೆ ಅಕ್ಷರದಲ್ಲೇ ಕಳಿಸಿ. ಮನೆಯ ಗ್ರೂಪಿಗೆ ಇದು ಹಾಗೇ ಫಾರ್ವರ್ಡ್ ಆಗುತ್ತದೆ, ಕನ್ನಡಕ ಹುಡುಕಿಕೊಂಡು ಓದುವ ದೊಡ್ಡಪ್ಪನಿಗೂ ಅರ್ಥವಾಗುತ್ತದೆ. "ಸೇರಿಲ್ಲ" ಎಂಬ ಸಾಲು ಮರೆಯಬೇಡಿ. ಜಗಳ ಹುಟ್ಟುವುದೆಲ್ಲ ಅಲ್ಲಿಂದಲೇ.

ನಾಲ್ಕನೆಯ ಪ್ರಶ್ನೆಗೆ, ಅಂದರೆ ನಮ್ಮ ಕಡೆಯ ಮದುವೆ ಗೊತ್ತಿದೆಯಾ ಎಂಬುದಕ್ಕೆ, ಆಯ್ದ ಹದಿನೈದು ಸುಂದರ ಫೋಟೋ ಸಾಲದು. ಒಂದೇ ಮದುವೆಯ 60–80 ಫೋಟೋ ಆರಂಭದಿಂದ ಕೊನೆವರೆಗೆ ತೋರಿಸಿ. ಟ್ಯೂಬ್‌ಲೈಟಿನ ಹಳೇ ಛತ್ರ, ಬೆಳಗಿನ ಜಾವದ ಮುಹೂರ್ತ, ಹೋಮದ ಹೊಗೆ, ವೇದಿಕೆ ಮೇಲೆ ನುಗ್ಗಿದ ನೆಂಟರು ಎಲ್ಲವೂ ಇರಲಿ. ಅಂತರಪಟ ಸರಿದು ಜೀರಿಗೆ ಬೆಲ್ಲ ಬೀಳುವುದು ಕ್ಷಣಾರ್ಧದಲ್ಲಿ. ಆ ಫೋಟೋ ಚೆನ್ನಾಗಿ ಬಂದಿದ್ದರೆ ಸೋದರಮಾವ ಬೇರೆ ಏನೂ ಕೇಳುವುದಿಲ್ಲ. ಧಾರವಾಡದ ಕಡೆಯವರು ನೀರೆರೆಯುವ ಸುರಗಿ ಶಾಸ್ತ್ರ ನೋಡಬಯಸುತ್ತಾರೆ, ಮಂಗಳೂರಿನ ಕ್ರೈಸ್ತರು ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ. ಕೊಡವರ ಮದುವೆಯಲ್ಲಿ ಪುರೋಹಿತರೇ ಇರುವುದಿಲ್ಲ, ಹಿರಿಯರ ಆಶೀರ್ವಾದವೇ ಮುಖ್ಯ. ಅದು ತಿಳಿಯದವರ ಕ್ಯಾಮೆರಾ ತಪ್ಪು ಕಡೆ ನಿಂತಿರುತ್ತದೆ.

ಡೆಕೊರೇಶನ್‌ನವರು ಫೋಟೋ ಕೆಳಗೆ ಅಳತೆ ಬರೆಯಲಿ: ವೇದಿಕೆ 24 ಅಡಿ, ಸೇವಂತಿಗೆ ಮತ್ತು ಚೆಂಡುಹೂವು, ಬಾಳೆದಿಂಡು, ಕಟ್ಟಲು ಐದು ಗಂಟೆ, ಹೂವಿನ ದರ ಆ ವಾರದ ಮಾರುಕಟ್ಟೆಯಂತೆ. ಪಿಂಟರೆಸ್ಟ್‌ನಿಂದ ಎತ್ತಿದ ಫೋಟೋ ಹಾಕುವ ಚಟ ಈ ಕ್ಷೇತ್ರದಲ್ಲಿ ಬೇಸರ ಹುಟ್ಟಿಸುವಷ್ಟಿದೆ. ಗೂಗಲ್ ಲೆನ್ಸ್‌ನಲ್ಲಿ ಮದುಮಗಳು ಅರ್ಧ ನಿಮಿಷದಲ್ಲಿ ಮೂಲ ಹಿಡಿಯುತ್ತಾಳೆ, ಅಲ್ಲಿಗೆ ನಿಮ್ಮ ಉಳಿದ ನಿಜವಾದ ಕೆಲಸದ ಮೇಲೂ ನಂಬಿಕೆ ಹೋಯಿತು.

ಕಾನೂನಿನ ಎರಡು ಮಾತು, ಏಕೆಂದರೆ ಇದನ್ನು ಹೇಳುವವರು ಕಡಿಮೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ಬುಕಿಂಗ್ ಕರಾರಿನಲ್ಲೇ "ಪ್ರಚಾರಕ್ಕೆ ಬಳಸಲು ಒಪ್ಪಿಗೆ ಇದೆ / ಇಲ್ಲ" ಎಂದು ಗುರುತು ಹಾಕಿಸಿ ಸಹಿ ಪಡೆಯಿರಿ. ಸಂಗೀತದ್ದೂ ಹೀಗೇ. ಮದುವೆಯ ಸಮಾರಂಭದಲ್ಲಿ ಹಾಡು ಹಾಕಲು ಅದೇ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ವಿನಾಯಿತಿ ಇದೆ. ಆ ಹಾಡನ್ನೇ ನಿಮ್ಮ ವ್ಯಾಪಾರದ ರೀಲ್‌ಗೆ ಹಾಕಿದರೆ ವಿನಾಯಿತಿ ಅಲ್ಲಿಗೆ ಬರುವುದಿಲ್ಲ. ವಿಡಿಯೋದ ದನಿ ಮಾಯವಾಗಬಹುದು. ಓಲಗದವರ ಒಪ್ಪಿಗೆ ಪಡೆದು ಅವರ ನಾದಸ್ವರವನ್ನೇ ನೀವು ರೆಕಾರ್ಡ್ ಮಾಡಿ ಬಳಸಿ, ಕೇಳಲೂ ಚೆಂದ.

ಜಾಹೀರಾತಿನ ವಿಷಯ ಚಿಕ್ಕದು. ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸಲು ಇನ್‌ಸ್ಟಾಗ್ರಾಮ್‌ನಲ್ಲಿ ಬೂಸ್ಟ್ ಒತ್ತುವಾಗ ಗುರಿ "ಪ್ರೊಫೈಲ್ ಭೇಟಿ" ಎಂದಿದ್ದರೆ ಭೇಟಿಯೇ ಸಿಗುತ್ತದೆ. "ಮೆಸೇಜ್" ಆರಿಸಿ, ವಾಟ್ಸಾಪ್‌ಗೆ ಕೊಂಡಿ ಕೊಡಿ, ನೀವು ಕೆಲಸ ಮಾಡುವ ಜಿಲ್ಲೆಗಳಾಚೆ ಜಾಹೀರಾತು ದಾಟಿಸಬೇಡಿ.

ಯಾವಾಗ ಖರ್ಚು ಮಾಡಬೇಕೆಂಬುದಕ್ಕೆ ಪಂಚಾಂಗ ನೋಡಿ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಹಿಂದೂ ಮುಹೂರ್ತ ಇಲ್ಲ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಅಂದರೆ ಬೇಸಿಗೆ ಸೀಸನ್ನಿನ ನಡುವೆಯೇ ಒಂದು ತಿಂಗಳು ಖಾಲಿ. ಹೀಗೆ ಖಾಲಿ ಬರುವ ತಿಂಗಳುಗಳಲ್ಲಿ ಕಾರ್ಯಕ್ರಮ ಇರದಿದ್ದರೂ ಮುಂದಿನ ಸೀಸನ್ನಿನ ವಿಚಾರಣೆ ನಡೆದಿರುತ್ತದೆ. ಗ್ಯಾಲರಿ ತುಂಬಿಸಲು, ಜಾಹೀರಾತು ಬಿಡಲು ಅದೇ ಹೊತ್ತು.

ಮುಹೂರ್ತ ಕೂಡಿಬಂದ ಕೂಡಲೇ ಮನೆಯವರು ಮೊದಲು ಗೊತ್ತುಮಾಡುವುದು ಛತ್ರ, ಉಳಿದವರೆಲ್ಲ ಆಮೇಲೆ. "ಫೋಟೋಗೆ ಯಾರಿದ್ದಾರೆ, ಹೂವಿಗೆ ಯಾರಿದ್ದಾರೆ" ಎಂದು ಛತ್ರದ ಮ್ಯಾನೇಜರನ್ನೇ ಕೇಳುತ್ತಾರೆ. ನೀವು ಕೆಲಸ ಮಾಡಿದ ಪ್ರತಿ ಛತ್ರಕ್ಕೂ ಅಲಂಕಾರಗೊಂಡ ಖಾಲಿ ಹಾಲ್, ಊಟದ ಮನೆ, ಪಾರ್ಕಿಂಗ್ ಎಂದು ಹತ್ತು ಒಳ್ಳೆಯ ಫೋಟೋ ತೆಗೆದು, ಅವರ ಗೂಗಲ್ ಪ್ರೊಫೈಲ್‌ಗೆ ಹಾಕಿಕೊಳ್ಳಲು ಉಚಿತವಾಗಿ ಕೊಡಿ. ಜನರಿಲ್ಲದ ಫೋಟೋ ಆದ್ದರಿಂದ ಯಾರ ಮುಖಕ್ಕೂ ಒಪ್ಪಿಗೆ ಬೇಕಿಲ್ಲ. ಮುಂದಿನ ಬುಧವಾರ ಯಾವುದೋ ಅಪ್ಪ ಆ ಕೌಂಟರಿನ ಮುಂದೆ ನಿಂತು ಕೇಳಿದಾಗ ಮ್ಯಾನೇಜರ್ ಬಾಯಲ್ಲಿ ಬರುವ ನಂಬರು ನಿಮ್ಮದಾಗಿರಬಹುದು.