ಹೆಸರು ಬದಲಾಯಿಸಿದರೆ ವ್ಯಾಪಾರ ಕುದುರುತ್ತಾ?

ಸಣ್ಣ ಉದ್ದಿಮೆಗಳಿಗೆ ಲೋಗೊ, ಬೋರ್ಡು, ಬಿಲ್ ಪುಸ್ತಕ ವಿನ್ಯಾಸ ಮಾಡಿಕೊಡುವುದು ನನ್ನ ಕೆಲಸ. ಬಂದವರಲ್ಲಿ ಹೆಚ್ಚಿನವರು ಎದ್ದು ಹೊರಡುವ ಹೊತ್ತಿಗೆ ಕೇಳುವುದು ಇದನ್ನೇ: "ಹೆಸರನ್ನೇ ಬದಲಾಯಿಸಿಬಿಟ್ರೆ ಹೇಗೆ? ಹೊಸ ಬ್ರ್ಯಾಂಡ್ ಆಗುತ್ತಲ್ವಾ?"

ನಿಮ್ಮ ಹಳೆಯ ಗಿರಾಕಿಗಳ ಫೋನಿನಲ್ಲಿ ನಿಮ್ಮ ನಂಬರ್ ಯಾವ ಹೆಸರಿನಲ್ಲಿದೆ, ವಿಚಾರಿಸಿಕೊಂಡು ಬನ್ನಿ ಅನ್ನುತ್ತೇನೆ. ಪೀಠೋಪಕರಣ ರಿಪೇರಿ ಮಾಡುವವರೊಬ್ಬರು ನಿಜವಾಗಿಯೂ ವಿಚಾರಿಸಿ, ಚೀಟಿಯಲ್ಲಿ ಬರೆದುಕೊಂಡು ಬಂದರು. ಇಬ್ಬರು ಪಾಲುದಾರರ ಹೆಸರು ಸೇರಿಸಿ ಇಟ್ಟ ಹೆಸರು ಅವರದು. ಒಬ್ಬರು ಪಾಲು ಬಿಟ್ಟು ವರ್ಷಗಳೇ ಆಗಿದ್ದವು. ಚೀಟಿಯಲ್ಲಿ ಇದ್ದದ್ದು "ಸೋಫಾ ರಿಪೇರಿ", "ಕುರ್ಚಿಯವರು", ಕೊನೆಗೆ "ಹೇಳಿದ ದಿನ ಕೊಡೋರು". ಆ ಕೊನೆಯ ಸಾಲನ್ನು ಅವರು ಎರಡು ಸಲ ಓದಿದರು. ಬ್ರ್ಯಾಂಡ್ ಅಂದರೆ ಅದು. ಬೋರ್ಡಿನ ಮೇಲಿದ್ದ ಹೆಸರು ಯಾರ ನೆನಪಿನಲ್ಲೂ ಇರಲಿಲ್ಲ, ಹಾಗಾಗಿ ಅದನ್ನು ಬಿಡುವುದರಲ್ಲಿ ನಷ್ಟವೂ ಇರಲಿಲ್ಲ.

ಕೆಲಸದ ಬಗ್ಗೆಯೇ ದೂರುಗಳಿದ್ದರೆ ಮಾತ್ರ ನಾನು ಬೇಡವೆನ್ನುತ್ತೇನೆ. ಹೊಸ ಹೆಸರಿನಲ್ಲೂ ಫೋನ್ ಎತ್ತುವವರು ಅವರೇ, ತಡ ಮಾಡುವವರೂ ಅವರೇ.

ದೊಡ್ಡ ಸಂಸ್ಥೆಗಳ ಎರಡು ಉದಾಹರಣೆ ನೋಡಿ. ಜಪಾನಿನಲ್ಲಿ 1946ರಲ್ಲಿ ಶುರುವಾದ ಟೋಕಿಯೊ ತ್ಸುಶಿನ್ ಕೋಗ್ಯೊ ಎಂಬ ಕಂಪನಿ ತನ್ನ ಟ್ರಾನ್ಸಿಸ್ಟರ್ ರೇಡಿಯೊ ಮೇಲೆ 'ಸೋನಿ' ಎಂದು ಹಾಕಿದ್ದು 1955ರಲ್ಲಿ. ಕಂಪನಿಯೇ ಆ ಹೆಸರಿಗೆ ಬದಲಾದದ್ದು 1958ರಲ್ಲಿ. ಅಷ್ಟರಲ್ಲಿ ಜನರ ಕೈಗೆ ಹೆಸರಿನ ಜೊತೆ ರೇಡಿಯೊ ಕೂಡ ಬಂದಿತ್ತು. ಬ್ರಿಟನ್ನಿನ ಅಂಚೆ ಸಂಸ್ಥೆ 2001ರಲ್ಲಿ 'ಕನ್ಸಿಗ್ನಿಯಾ' ಆಯಿತು. ಜನರ ನಾಲಿಗೆಯ ಮೇಲೆ 'ರಾಯಲ್ ಮೇಲ್' ಎಂಬ ಗಟ್ಟಿ ಹೆಸರು ಇದ್ದಾಗ ಇದು ಯಾರಿಗೆ ಬೇಕಿತ್ತು? ಮರುವರ್ಷವೇ ಅದನ್ನು ಕೈಬಿಟ್ಟು 'ರಾಯಲ್ ಮೇಲ್ ಗ್ರೂಪ್' ಎಂದಾಯಿತು.

ಬದಲಾಯಿಸುವುದೇ ಖಚಿತವಾದರೆ ಹೊಸ ಹೆಸರನ್ನು ಫೋನಿನಲ್ಲಿ ಅಪರಿಚಿತರಿಗೆ ಹೇಳಿ, ಬರೆದುಕೊಳ್ಳಲು ಕೇಳಿ. ಎರಡನೇ ಸಲ ಹೇಳಬೇಕಾಗಿ ಬಂದರೆ ಬೇರೆ ಹುಡುಕಿ. ಆಮೇಲೆ ಟ್ರೇಡ್‌ಮಾರ್ಕ್ ಹುಡುಕಾಟ, ಅಂದರೆ ಆ ಹೆಸರನ್ನು ಬೇರೆ ಯಾರಾದರೂ ಈಗಾಗಲೇ ತಮ್ಮ ಗುರುತಾಗಿ ನೋಂದಾಯಿಸಿದ್ದಾರಾ ಎಂದು ನೋಡುವುದು. ಈ ನೋಂದಣಿಗಾಗಿ ಸರಕು, ಸೇವೆಗಳನ್ನು ವಿಂಗಡಿಸಲು ಬಹುತೇಕ ದೇಶಗಳು ಬಳಸುವ ನೈಸ್ ವರ್ಗೀಕರಣದಲ್ಲಿ 45 ವರ್ಗಗಳಿವೆ, 34 ಸರಕುಗಳಿಗೆ, 11 ಸೇವೆಗಳಿಗೆ. ನಿಮ್ಮ ವರ್ಗದಲ್ಲಿ ಹತ್ತಿರದ ಉಚ್ಚಾರವಿದ್ದರೂ ತೊಂದರೆ. ಉದ್ದಿಮೆಯ ಹೆಸರು ನೋಂದಾಯಿಸಿದ ಮಾತ್ರಕ್ಕೆ ಟ್ರೇಡ್‌ಮಾರ್ಕ್ ಹಕ್ಕು ಸಿಗುವುದಿಲ್ಲ. ಮಾಡುವ ಕೆಲಸವನ್ನಷ್ಟೇ ವರ್ಣಿಸುವ ಹೆಸರಿಗೆ ಆ ಹಕ್ಕು ಸಿಗುವುದೂ ಕಷ್ಟ.

ಹಳೆಯ ವೆಬ್ ವಿಳಾಸವನ್ನು ಬಿಟ್ಟುಕೊಡಬೇಡಿ, ದಯವಿಟ್ಟು. ಅಲ್ಲಿಗೆ ಬಂದವರು ಹೊಸದಕ್ಕೆ ತಲುಪುವಂತೆ 301 ರೀಡೈರೆಕ್ಟ್ ಹಾಕಿಸಿ; ಕನಿಷ್ಠ 1 ವರ್ಷ ಇರಲಿ ಎಂದು ಗೂಗಲ್ಲೇ ಹೇಳುತ್ತದೆ, ಇನ್ನೂ ಹೆಚ್ಚು ಕಾಲ ಇರಲಿ ಎಂದು ನಾನು ಹೇಳುತ್ತೇನೆ. ಹಳೆಯ ಇಮೇಲ್ ಕೂಡ ಹಾಗೆಯೇ.

ಆ ಪೀಠೋಪಕರಣದವರ ಬಿಲ್ ಪುಸ್ತಕದಲ್ಲಿ ಹೊಸ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹಿಂದಿನ ಹೆಸರನ್ನೂ ಉಳಿಸಿದ್ದೇವೆ. 'ಕೊಡುವ ದಿನ' ಎಂಬ ಜಾಗವನ್ನು ಮಾತ್ರ ದೊಡ್ಡದಾಗಿ, ಬಿಲ್ಲಿನ ನೆತ್ತಿಗೇ ತಂದಿದ್ದೇನೆ.